ವಾಚಕನ ಹೆಸರು, ಉಪದೇಶಿಯ ಕೆಲಸ: ಆರಾಧನೆಯಲ್ಲಿ ಶ್ರೀಸಾಮಾನ್ಯರ ಸೇವೆಯ ಚರಿತ್ರೆ

ಕಲಬುರಗಿ ಧರ್ಮಪ್ರಾಂತ್ಯವು ಸ್ಥಾಪನೆಗೊಂಡದ್ದು 2005ರಲ್ಲಿ. ರಾಬರ್ಟ್ ಮೈಕಲ್ ಮಿರಾಂಡರವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಧರ್ಮಸಭೆಯ ಕಾಲಗಣನೆಯಲ್ಲಿ ಇದು ನಿನ್ನೆಯ ಮಾತು. ಕಲಬುರಗಿಯಿಂದ ಕಮಲಾಪುರದ ಮಾರ್ಗವಾಗಿ ಹುಮನಾಬಾದಿನತ್ತ ಹೋಗುವ ಗುರುವಿಗೆ ಈ ಸೀಮೆಯ ವಿಸ್ತಾರವನ್ನು ಯಾರೂ ವಿವರಿಸಬೇಕಿಲ್ಲ: ಊರುಗಳು ದೂರ, ಕಥೋಲಿಕ ಕುಟುಂಬಗಳು ವಿರಳ, ಗುರುಗಳು ಇನ್ನೂ ವಿರಳ. ಇಂತಹ ನೆಲದಲ್ಲಿ ವಾಚನಗಳನ್ನು ಓದುವವರು, ಗಾಯನ ನಡೆಸುವವರು, ಬಲಿಪೀಠದ ಬಳಿ ನೆರವಾಗುವವರು ಇಲ್ಲದೆ ಭಾನುವಾರದ ಆರಾಧನೆ ಸಾಗದು. ಅವರನ್ನು ನಾವು ವಾಡಿಕೆಯಂತೆ ‘ಸ್ವಯಂಸೇವಕರು’ ಎಂದು ಕರೆಯುತ್ತೇವೆ. ಈ ಹೆಸರು ಅವರಿಗೆ ಸಲ್ಲುವುದೇ ಎಂಬುದೇ ನಮ್ಮ ಪ್ರಶ್ನೆ.

ಆದಿ ಧರ್ಮಸಭೆಯಲ್ಲಿ ಇಂತಹ ಸೇವೆಗಳಿಗೆ ಸ್ಥಾನವೂ ಹೆಸರೂ ಇದ್ದವು. ಮೂರನೆಯ ಶತಮಾನದ ಮಧ್ಯದಲ್ಲಿ ಪೋಪ್ ಕೊರ್ನೇಲಿಯುಸರು ಅಂತಿಯೋಕ್ಯದ ಧರ್ಮಾಧ್ಯಕ್ಷರಿಗೆ ಬರೆದ ಪತ್ರವನ್ನು ಯುಸೇಬಿಯುಸ್ ಉಳಿಸಿಕೊಟ್ಟಿದ್ದಾನೆ. ರೋಮಿನಲ್ಲಿ ಆಗ 46 ಯಾಜಕರು, 7 ಡೀಕನರು, 42 ಪೀಠಸೇವಕರು, ಅವರೊಂದಿಗೆ ವಾಚಕರು ಮತ್ತು ದ್ವಾರಪಾಲಕರು ಇದ್ದರೆಂದು ಅದು ತಿಳಿಸುತ್ತದೆ. ಕಾಲಕ್ರಮೇಣ ಈ ಸೇವೆಗಳು ಯಾಜಕತ್ವದತ್ತ ಏರುವ ಮೆಟ್ಟಿಲುಗಳಾದವು. 1563ರಲ್ಲಿ ಟ್ರೆಂಟ್ ಮಹಾಸಭೆಯು ಅವು ಮತ್ತೆ ನಿಜವಾದ ಕಾರ್ಯಗಳಾಗಬೇಕೆಂದೂ ಅವಿವಾಹಿತರು ದೊರೆಯದಿದ್ದಲ್ಲಿ ವಿವಾಹಿತರಿಗೂ ವಹಿಸಬಹುದೆಂದೂ ವಿಧಿಸಿತು. ವಿಧಿಯು ಕಾಗದದಲ್ಲೇ ಉಳಿಯಿತು. ಗುರುಮಠದ ವಿದ್ಯಾರ್ಥಿ ವಾಚಕನೆನಿಸಿಕೊಂಡ. ಓದಬೇಕಾದ ಜನಸಮೂಹ ಅವನ ಮುಂದಿರಲಿಲ್ಲ.

ಹೆಸರು ಗುರುಮಠದೊಳಗೆ ಉಳಿದರೆ ಕೆಲಸವು ಮಿಷನ್ ಹಳ್ಳಿಗಳಲ್ಲಿ ನಡೆಯಿತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಮೈಸೂರು ಮಿಷನ್ನಿಗೆ ಅಡಿಪಾಯವಿಟ್ಟರು. 1773ರಲ್ಲಿ ಯೇಸುಸಭೆ ರದ್ದಾದಾಗ ಆ ಮಿಷನ್ನಿಗೆ ಬರಬೇಕಾದ ಹೊಸ ಗುರುಗಳ ದಾರಿಯೇ ಮುಚ್ಚಿತು. 1784ರಲ್ಲಿ ಕರಾವಳಿಯ ಕಥೋಲಿಕರು ಟಿಪ್ಪು ಸುಲ್ತಾನನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದರು; 1799ರವರೆಗೆ ಅವರ ಬದುಕು ಬಹುಮಟ್ಟಿಗೆ ಯಾಜಕರಿಲ್ಲದ ಬದುಕು. ಬಲಿಪೂಜೆಯಿಲ್ಲದೆ ಉಳಿಯಬಹುದಾದ ವಿಶ್ವಾಸವೆಂದರೆ ನೆನಪಿನಲ್ಲಿದ್ದ ಪ್ರಾರ್ಥನೆ, ಜಪಸರ, ಅಗತ್ಯ ಬಿದ್ದಾಗ ಶ್ರೀಸಾಮಾನ್ಯನೇ ಕೊಡಬಹುದಾದ ಜ್ಞಾನಸ್ನಾನ. ಟಿಪ್ಪುವಿನ ಪತನದ ನಂತರ ಅಬ್ಬೆ ದ್ಯುಬ್ವಾ ಅವರು ಶ್ರೀರಂಗಪಟ್ಟಣಕ್ಕೆ ಬಂದರು. ಬರಿದಾದ ನೆಲದಲ್ಲಿ ಅವರು ಬಿತ್ತನೆ ಆರಂಭಿಸಲಿಲ್ಲ, ಅಳಿದುಳಿದುದನ್ನು ಒಟ್ಟುಗೂಡಿಸಿದರು ಎಂಬುದನ್ನು ನಾವು ಮರೆಯಬಾರದು.

ಹೀಗೆ ಉಳಿಸಿಕೊಳ್ಳುವ ಕಾರ್ಯಕ್ಕೆ ಮಿಷನ್ನುಗಳಲ್ಲಿ ಒಂದು ಸ್ಥಿರ ರೂಪವಾಗಿ ನಿಂತವನು ಉಪದೇಶಿ. ಗುರುಗಳು ವರ್ಷದಲ್ಲಿ ಕೆಲವೇ ಬಾರಿ ಬರುವ ಹಳ್ಳಿಗಳಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸುವವನು, ಭಾನುವಾರ ಜನರನ್ನು ಕೂಡಿಸುವವನು, ಸಾಯುವವರ ಬಳಿ ಕುಳಿತುಕೊಳ್ಳುವವನು ಅವನೇ. ಅವನನ್ನು ಯಾರೂ ಸ್ವಯಂಸೇವಕನೆನ್ನಲಿಲ್ಲ. ಗುರುಗಳು ಆರಿಸಿದ, ಊರು ಒಪ್ಪಿದ ಮನುಷ್ಯ ಅವನು. ಕಲಬುರಗಿ–ಬೀದರ ಸೀಮೆಯ ನಮ್ಮ ಮೆಥೋಡಿಸ್ಟ್ ನೆರೆಯವರ ಪರಂಪರೆಯಲ್ಲಿಯೂ ಶ್ರೀಸಾಮಾನ್ಯ ಬೋಧಕನು ಪರೀಕ್ಷೆಗೊಳಪಟ್ಟು ಅನುಮತಿ ಪಡೆದವನೇ. ಈ ಶಿಸ್ತನ್ನು ನಾವು ಗಮನಿಸದೆ ಹೋಗಿರುವುದು ಸೋಜಿಗ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದ 29ನೆಯ ಪರಿಚ್ಛೇದದಲ್ಲಿ ವಾಚಕರ, ಪೀಠಸೇವಕರ, ಗಾಯಕರ ಕಾರ್ಯವನ್ನು ನಿಜವಾದ ಆರಾಧನಾ ಸೇವೆಯೆಂದು ಘೋಷಿಸಿತು. ಬೆಂಗಳೂರಿನಲ್ಲಿ 1967ರಲ್ಲಿ ಅಮಲೋರ್ಪವದಾಸರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವು ಆ ಚಿಂತನೆಯನ್ನು ಭಾರತದ ನೆಲಕ್ಕೆ ತಂದಿತು. ಆದರೆ ನಮ್ಮ ದೃಷ್ಟಿಯಲ್ಲಿ ಹಳ್ಳಿಯ ವಾಚಕನನ್ನು ಸೃಷ್ಟಿಸಿದ್ದು ಕನ್ನಡವೇ. ವಾಚನಗಳು ಲ್ಯಾಟಿನ್‌ನಲ್ಲಿದ್ದಾಗ ರೈತನೊಬ್ಬ ಎದ್ದು ನಿಂತು ಓದುವುದಕ್ಕೆ ಅರ್ಥವೇ ಇರಲಿಲ್ಲ.

1972ರಲ್ಲಿ ಪೋಪ್ ಆರನೆಯ ಪೌಲರು ಕಿರಿಯ ದೀಕ್ಷೆಗಳನ್ನು ತೆಗೆದು, ವಾಚಕ ಮತ್ತು ಪೀಠಸೇವಕ ಎಂಬೆರಡನ್ನು ಶ್ರೀಸಾಮಾನ್ಯರಿಗೂ ಕೊಡಬಹುದಾದ ಸೇವೆಗಳಾಗಿ ಉಳಿಸಿದರು. ಆದರೆ ಪುರುಷರಿಗೆ ಮಾತ್ರ. 1983ರ ಧರ್ಮಸಭಾ ಸಂಹಿತೆಯ 230ನೆಯ ನಿಯಮವು ತಾತ್ಕಾಲಿಕ ನಿಯೋಜನೆಗೂ ಅವಕಾಶವಿತ್ತಿತು. ಧರ್ಮಕೇಂದ್ರಗಳಲ್ಲಿ ಓದುವ ಸ್ತ್ರೀಪುರುಷರು ಈ ಎರಡನೆಯ ಬಾಗಿಲಿನಿಂದಲೇ ಬಂದವರು. ಸ್ಥಾಪಿತ ವಾಚಕತ್ವವಾದರೋ ದೀಕ್ಷೆಗೆ ಸಿದ್ಧರಾಗುವ ಅಭ್ಯರ್ಥಿಗಳ ಪಾಲಿಗೇ ಉಳಿಯಿತು; ಡೀಕನ್ ದೀಕ್ಷೆಗೆ ಮುನ್ನ ಈ ಸೇವೆಗಳನ್ನು 1035ನೆಯ ನಿಯಮ ಕಡ್ಡಾಯಗೊಳಿಸುತ್ತದೆ. ಟ್ರೆಂಟ್ ತಿದ್ದಲೆಳಸಿದ್ದ ಸ್ಥಿತಿಯೇ ಹೊಸ ಹೆಸರಿನಲ್ಲಿ ಮರಳಿತೆಂದರೆ ಕಟುವೆನಿಸೀತು, ಸುಳ್ಳೆನಿಸದು.

2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಈ ಎರಡು ಸೇವೆಗಳನ್ನು ಸ್ತ್ರೀಯರಿಗೂ ತೆರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಯನ್ನೂ ಸ್ಥಾಪಿಸಿದರು. ನಮ್ಮ ಹಳೆಯ ಉಪದೇಶಿಗೆ ವಿಧಿಯುಕ್ತ ಮನ್ನಣೆ ದೊರೆಯಲು ಇಷ್ಟು ಕಾಲ ಹಿಡಿಯಿತು. ‘ಸ್ವಯಂಸೇವಕ’ ಎಂಬ ಪದವು ಆ ಮನ್ನಣೆಯನ್ನು ಮತ್ತೆ ಕಳೆಯುತ್ತದೆ: ಇಷ್ಟವಿದ್ದಾಗ ಬಂದು, ಇಲ್ಲದಾಗ ಬಿಡಬಹುದಾದ ನೆರವಾಗಿ ಅದು ಸೇವೆಯನ್ನು ಕಾಣುತ್ತದೆ. ಜ್ಞಾನಸ್ನಾನದಲ್ಲಿ ಬೇರೂರಿ ಧರ್ಮಸಭೆಯಿಂದ ವಹಿಸಲ್ಪಡುವ ಕಾರ್ಯಕ್ಕೆ ಅದು ಸಾಲದು. ಪೂಜೆಗೆ ಐದು ನಿಮಿಷವಿರುವಾಗ ಕೈಗೆ ಪುಸ್ತಕ ಕೊಟ್ಟು ಓದಿಸುವ ರೂಢಿಗೆ ಈ ಪದವೇ ಆಸರೆ.

ವಾಚಕರನ್ನು ಸ್ಥಾಪಿಸುವ ವಿಧಿಯಲ್ಲಿ ಧರ್ಮಾಧ್ಯಕ್ಷರು ಅಭ್ಯರ್ಥಿಯ ಕೈಗೆ ಪವಿತ್ರ ಗ್ರಂಥವನ್ನು ಒಪ್ಪಿಸುತ್ತಾರೆ. ಆ ವಿಧಿ ಗುರುಮಠದ ವಿದ್ಯಾರ್ಥಿಗೂ ಕಮಲಾಪುರದ ದಾರಿಯ ಹಳ್ಳಿಯೊಂದರ ಗೃಹಿಣಿಗೂ ಈಗ ಸಮಾನವಾಗಿ ತೆರೆದಿದೆ. ಅವಳನ್ನು ಆರಿಸಿ, ತರಬೇತಿಯಿತ್ತು, ಅವಳ ಹೆಸರನ್ನು ಧರ್ಮಾಧ್ಯಕ್ಷರ ಮುಂದಿಡಬೇಕಾದವರು ಧರ್ಮಕೇಂದ್ರದ ಗುರುಗಳು. ಇಂದು ಈ ಪುಟವನ್ನು ಓದುತ್ತಿರುವ ಹಲವರು ನಾಳೆ ಆ ಸ್ಥಾನದಲ್ಲಿರುತ್ತಾರೆ.