ಕಡಲ ಮರಳಿನಿಂದ ಬಳ್ಳಾರಿಯ ಎರೆನೆಲಕ್ಕೆ: ಕುದುರೆಗಳು ನಡೆದ ದಾರಿ



ದಾರಿ ಬಲ್ಲವನೊಬ್ಬನನ್ನು ಮುಂದಿಟ್ಟುಕೊಂಡು ಕಾಡಿನ ನಡುವೆ, ಕಡಲ ದಂಡೆಯ ಮೇಲೆ ಕುದುರೆ ಸವಾರಿ ಮಾಡುವುದೆಂದರೆ ಇಂದು ನಮಗೆ ಅದೊಂದು ರಜಾದಿನದ ಮೋಜು. ಪ್ರವಾಸದ ಜಾಹೀರಾತುಗಳಲ್ಲಿ ಅಂಥ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆದರೆ ಸುಮಾರು ಐನೂರು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಇದೇ ಪ್ರಯಾಣ ಒಂದು ಸಾಮ್ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು ಎಂದರೆ ನಿಮಗೆ ಆಶ್ಚರ್ಯವಾದೀತು.

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ವಿದ್ಯಾರ್ಥಿಗಳಿಗೆ ಕಡಲು ಬಹು ದೂರದ ಮಾತು. ಸುತ್ತ ಎರೆಭೂಮಿ, ನಡುನಡುವೆ ಬಂಡೆಗುಡ್ಡಗಳು, ಉತ್ತರಕ್ಕೆ ತುಂಗಭದ್ರೆ. ಹಂಪಿಯಿಂದ ಅಂಕೋಲೆ ಅಥವಾ ಭಟ್ಕಳಕ್ಕೆ ನೇರ ಗೆರೆ ಎಳೆದರೂ ಸುಮಾರು 250 ಕಿಲೋಮೀಟರ್ ಆಗುತ್ತದೆ. ಆದರೂ ಈ ಬಯಲಿನಲ್ಲಿ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಎಂಬುದು ಎಷ್ಟೋ ಸಲ ಆ ದೂರದ ಕಡಲ ದಂಡೆಯಲ್ಲಿಯೇ ನಿರ್ಧಾರವಾಗುತ್ತಿತ್ತು. ಅದು ಹೇಗೆ ಎಂಬುದನ್ನು ನೋಡೋಣ.

ಬಯಲಿಗೆ ಕುದುರೆ ಬೇಕು

ಬಳ್ಳಾರಿ ಸೀಮೆಯ ನೆಲವನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಾಡಿಲ್ಲದ ವಿಶಾಲ ಬಯಲು. ಇಲ್ಲಿ ಕಾಲಾಳಿಗೆ ಅಡಗಲು ಮರೆಯಿಲ್ಲ. ವೇಗವಾಗಿ ನುಗ್ಗಿ, ವೇಗವಾಗಿ ಹಿಂದೆಗೆಯಬಲ್ಲ ರಾವುತನಿಗೇ ಮೇಲುಗೈ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಕುರುಗೋಡಿನಿಂದ ಆಳಿದ ಸಿಂದರ ಕಾಲಕ್ಕೂ ಈ ಮಾತು ಅನ್ವಯಿಸುತ್ತದೆ. 1336ರ ನಂತರ ಬೆಳೆದ ವಿಜಯನಗರಕ್ಕಂತೂ ಇದು ಇನ್ನೂ ದೊಡ್ಡ ಸತ್ಯ. ಉತ್ತರದಲ್ಲಿ ಮೊದಲು ಬಹಮನಿ ಸುಲ್ತಾನರು, ಅನಂತರ ಬಿಜಾಪುರದ ಆದಿಲ್‌ಶಾಹಿಗಳು. ಎರಡೂ ಕಡೆಯ ಬಲದ ತಿರುಳು ಅಶ್ವದಳವೇ ಆಗಿತ್ತು.

ಹಾಗಾದರೆ ಕುದುರೆಗಳನ್ನು ಇಲ್ಲಿಯೇ ಸಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಾಕುತ್ತಿದ್ದರು, ನಿಜ. ಆದರೆ ದೇಶೀ ತಳಿಗಳು ಗಾತ್ರದಲ್ಲಿ ಚಿಕ್ಕವು. ಶಸ್ತ್ರ ಹೊತ್ತ ಸವಾರನನ್ನು ಹೊತ್ತು ಓಡಬಲ್ಲ ದೊಡ್ಡ ಕುದುರೆಗಳು ಒಣ ಹವೆಯ, ಒಳ್ಳೆಯ ಹುಲ್ಲಿನ ಅರಬ್ಬಸ್ಥಾನ, ಪರ್ಷಿಯಾಗಳಲ್ಲಿ ಬೆಳೆಯುತ್ತಿದ್ದವು. ದಕ್ಷಿಣ ಭಾರತದ ಸೆಖೆ, ಮಳೆಗಾಲದ ತೇವ ಅವಕ್ಕೆ ಒಗ್ಗುತ್ತಿರಲಿಲ್ಲ. ಪಾಂಡ್ಯರ ನಾಡಿನಲ್ಲಿ ಕುದುರೆಗೆ ಅನ್ನ, ಮಾಂಸಗಳನ್ನು ಬೇಯಿಸಿ ತಿನ್ನಿಸುತ್ತಾರೆ, ಆರೈಕೆ ಬಲ್ಲವರಿಲ್ಲದೆ ಅವು ಸಾಯುತ್ತವೆ ಎಂದು 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೋಪೋಲೋ ಬರೆದ. ಕಾರಣ ಏನೇ ಇರಲಿ, ಒಂದು ಮಾತು ಸ್ಪಷ್ಟ: ಕುದುರೆಯನ್ನು ಒಮ್ಮೆ ಕೊಂಡರೆ ಮುಗಿಯುತ್ತಿರಲಿಲ್ಲ, ಮತ್ತೆ ಮತ್ತೆ ಕೊಳ್ಳುತ್ತಲೇ ಇರಬೇಕಾಗಿತ್ತು.

ಕಡಲು ದಾಟಿ ಬಂದ ಪ್ರಾಣಿ

ಹೊರ್ಮುಜ್, ಏಡನ್ ಬಂದರುಗಳಿಂದ ಹಾಯಿಹಡಗುಗಳಲ್ಲಿ ಕುದುರೆಗಳು ಬರುತ್ತಿದ್ದವು. ಮುಂಗಾರಿನ ಅಬ್ಬರದ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿಹೋಗುತ್ತಿದ್ದವು. ಆದ್ದರಿಂದ ವ್ಯಾಪಾರವೆಲ್ಲ ಉಳಿದ ತಿಂಗಳುಗಳಲ್ಲಿಯೇ ನಡೆಯಬೇಕು. ಹಡಗಿನ ಪ್ರಯಾಣ ಕುದುರೆಗೆ ಎಷ್ಟು ಕಷ್ಟ ಎಂಬುದಕ್ಕೆ ಜೀವಶಾಸ್ತ್ರದ ಒಂದು ಸಂಗತಿ ಸಾಕು: ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆ ಕೆಟ್ಟರೆ ಅದು ಪ್ರಾಣಕ್ಕೇ ಕುತ್ತು. ದಿನಕ್ಕೆ ಒಂದು ಕುದುರೆಗೆ 25ರಿಂದ 40 ಲೀಟರ್ ಸಿಹಿನೀರು ಬೇಕು. ಅಷ್ಟು ನೀರನ್ನು ಹಡಗೇ ಹೊರಬೇಕು.

ಹೀಗಾಗಿ ದಾರಿಯಲ್ಲಿ ಬಹಳ ಕುದುರೆಗಳು ಸಾಯುತ್ತಿದ್ದವು. ಈ ನಷ್ಟ ಯಾರದು? 1485ರಲ್ಲಿ ಪಟ್ಟಕ್ಕೆ ಬಂದ ಸಾಳುವ ನರಸಿಂಹ ಇದಕ್ಕೊಂದು ಉತ್ತರ ಕಂಡುಕೊಂಡಿದ್ದ. ಮುಂದೆ ವಿಜಯನಗರದಲ್ಲಿದ್ದ ಪೋರ್ತುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅದನ್ನು ದಾಖಲಿಸಿದ್ದಾನೆ. ಸಾವಿರ ಪರ್ದಾವ್ ನಾಣ್ಯಗಳಿಗೆ ಮೂರು ಕುದುರೆಗಳಂತೆ ಆ ಅರಸ ಕೊಳ್ಳುತ್ತಿದ್ದ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಪೂರ್ಣ ಬೆಲೆ ಸಿಗುತ್ತಿತ್ತಂತೆ! ಕೇಳಲು ತಮಾಷೆಯಾಗಿದೆ. ಆದರೆ ಯೋಚಿಸಿ: ಇದು ಇಂದಿನ ವಿಮೆಯಂಥ ಏರ್ಪಾಡು. ವ್ಯಾಪಾರಿಯ ಅಪಾಯವನ್ನು ಅರಸ ತಾನು ಹೊತ್ತುಕೊಂಡ. ಅದರಿಂದ ವ್ಯಾಪಾರಿ ಧೈರ್ಯವಾಗಿ ಹಡಗು ಹತ್ತಿದ.

ಮರಳು, ಹೊಳೆ, ಘಟ್ಟ

ಭಟ್ಕಳ, ಹೊನ್ನಾವರ, ಅಂಕೋಲೆ, ಗೋವೆಗಳಲ್ಲಿ ಇಳಿದ ಕುದುರೆಗಳನ್ನು ಬಯಲಿಗೆ ತಲುಪಿಸುವುದು ಮುಂದಿನ ಕೆಲಸ. ಈ ದಾರಿ ಮೂರು ಬಗೆಯ ನೆಲದ ಮೇಲೆ ಸಾಗುತ್ತದೆ.

ಮೊದಲು ಮರಳು. ಒಣ ಮರಳಿನಲ್ಲಿ ಕುದುರೆಯ ಗೊರಸು ಹೂತುಹೋಗುತ್ತದೆ, ಕಾಲಿನ ನರಗಳಿಗೆ ಪೆಟ್ಟು. ತೆರೆ ಬಂದು ತೊಯ್ಯಿಸಿ ಹೋದ ಪಟ್ಟಿ ಮಾತ್ರ ಗಟ್ಟಿಯಾಗಿರುತ್ತದೆ. ಮರಳಿನ ಕಣಗಳ ನಡುವಿನ ನೀರಿನ ತೆಳು ಪೊರೆ ಅವನ್ನು ಒಂದಕ್ಕೊಂದು ಹಿಡಿದಿಡುವುದೇ ಇದಕ್ಕೆ ಕಾರಣ. ಈ ಪಟ್ಟಿ ಸಮುದ್ರ ಇಳಿದಾಗ ತೆರೆದುಕೊಳ್ಳುತ್ತದೆ, ಉಕ್ಕಿದಾಗ ಮುಚ್ಚಿಹೋಗುತ್ತದೆ. ಉಬ್ಬರ ಇಳಿತದ ಲೆಕ್ಕ ಬಲ್ಲವನೇ ಇಲ್ಲಿ ದಾರಿ ತೋರಿಸಬಲ್ಲ.

ಮುಂದೆ ಹೊಳೆಗಳು. ಉತ್ತರ ಕನ್ನಡದ ದಂಡೆಯನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ತುಂಡುತುಂಡಾಗಿ ಕತ್ತರಿಸಿವೆ. ಪ್ರತಿಯೊಂದು ಅಳಿವೆಯಲ್ಲಿಯೂ ದೋಣಿಯವನ ಸಹಾಯ ಬೇಕು. ಕಡಲ ಭಯ ಇನ್ನೂ ಆರದ ಕುದುರೆಯನ್ನು ಮತ್ತೆ ನೀರಿನ ಮೇಲೆ ಒಯ್ಯುವುದು ಸುಲಭದ ಮಾತಲ್ಲ.

ಅನಂತರ ಘಟ್ಟ. ಕರಾವಳಿಯ ಮಟ್ಟದಿಂದ ಐದಾರು ನೂರು ಮೀಟರ್ ಏರಬೇಕು, ಅದೂ ದಟ್ಟ ಕಾಡಿನಲ್ಲಿ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲಿನದೆಲ್ಲ ಕಾಣುತ್ತದೆ, ಮೂಗಿನ ನೇರ ಮುಂದಿನದು ಮತ್ತು ಬೆನ್ನ ಹಿಂದಿನದು ಕಾಣುವುದಿಲ್ಲ. ಬಯಲಿನ ಪ್ರಾಣಿಗೆ ಈ ನೋಟ ವರ. ಆದರೆ ಕಾಡಿನಲ್ಲಿ ಪೊದೆಯ ಪ್ರತಿಯೊಂದು ಅಲುಗಾಟವೂ ಅದನ್ನು ಬೆದರಿಸುತ್ತದೆ. ಸಾಲಾಗಿ, ಒಂದರ ಹಿಂದೆ ಒಂದು, ಹಗ್ಗ ಹಿಡಿದು ನಡೆಸಬೇಕು. ಜೀನಿನ ಮೇಲೆ ಕುಳಿತು ಹಾಯಾಗಿ ಹೋಗುವ ಸವಾರಿ ಇದಲ್ಲ. ಬಹುಪಾಲು ದಾರಿಯಲ್ಲಿ ಮನುಷ್ಯ ಕುದುರೆಯ ಮುಂದೆ ಕಾಲ್ನಡಿಗೆಯಲ್ಲೇ ಸಾಗಬೇಕಾಗಿತ್ತು.

1520ರ ಸುಮಾರಿಗೆ ಕರಾವಳಿಯಿಂದ ವಿಜಯನಗರಕ್ಕೆ ಬಂದ ದೊಮಿಂಗೊ ಪಾಯಸ್, ಭಟ್ಕಳದ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಓಡಾಡುತ್ತಿದ್ದವೆಂದು ಬರೆದಿದ್ದಾನೆ. ಅಂದರೆ ಘಟ್ಟದ ದಾರಿ ನಿರ್ಜನವಾಗಿರಲಿಲ್ಲ. ಎತ್ತಿನವರು ತುಳಿದು ಸವೆಸಿದ ಹಾದಿಯಲ್ಲಿಯೇ ಕುದುರೆಗಳೂ ಏರಿ ಬಂದವು.

300 ಕುದುರೆಗಳ ಜೊತೆ ಎಂಟು ದಿನ

ಇಂಥ ಒಂದು ಪ್ರಯಾಣದ ಪ್ರತ್ಯಕ್ಷ ಸಾಕ್ಷಿ ನಮಗೆ ದೊರೆತಿದೆ. 1567ರಲ್ಲಿ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಗೋವೆಯಿಂದ ವಿಜಯನಗರಕ್ಕೆ ಹೊರಟ. ಜೊತೆಗಿದ್ದ ಇಬ್ಬರು ವ್ಯಾಪಾರಿಗಳು 300 ಅರಬ್ಬಿ ಕುದುರೆಗಳನ್ನು ಅರಸನಿಗೆ ಮಾರಲು ಒಯ್ಯುತ್ತಿದ್ದರು. ಇಲ್ಲಿಯ ಕುದುರೆಗಳು ಚಿಕ್ಕವಾದ್ದರಿಂದ ಅರಬ್ಬಿ ಕುದುರೆಗೆ ಒಳ್ಳೆಯ ಬೆಲೆ ಎಂದು ಆತ ಕಾರಣವನ್ನೂ ಹೇಳುತ್ತಾನೆ. ಗೋವೆಯಿಂದ ರಾಜಧಾನಿಗೆ ಎಂಟು ದಿನದ ದಾರಿ ಎಂಬುದು ಅವನ ಲೆಕ್ಕ. ಸುತ್ತುಬಳಸಿನ ದಾರಿಯನ್ನು 320 ಕಿಲೋಮೀಟರ್ ಎಂದು ಹಿಡಿದರೆ ದಿನಕ್ಕೆ 40 ಕಿಲೋಮೀಟರ್. ಘಟ್ಟ ಹತ್ತುವ ಪ್ರಾಣಿಗಳಿಗೆ ಇದು ಬಿಡುವಿಲ್ಲದ ನಡಿಗೆ.

ಆದರೆ ಇಸವಿಯನ್ನು ಗಮನಿಸಿದಿರಾ? 1565ರ ತಾಳಿಕೋಟೆ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ರಾಮರಾಯ ಮಡಿದಿದ್ದ, ರಾಜಧಾನಿ ಸೂರೆಹೋಗಿತ್ತು. ಅವನ ತಮ್ಮ ತಿರುಮಲ ಮತ್ತೆ ಅಶ್ವದಳ ಕಟ್ಟಲು ಹವಣಿಸುತ್ತಿದ್ದ. ಕುದುರೆಗಳನ್ನು ತಂದರೆ ಒಳ್ಳೆಯ ಬೆಲೆ ಕೊಡುವೆನೆಂದು ಗೋವೆಗೆ ಹೇಳಿಕಳುಹಿಸಿದ, ವ್ಯಾಪಾರಿಗಳು ತಂದರು, ಕುದುರೆಗಳನ್ನು ಲಾಯಕ್ಕೆ ಸೇರಿಸಿಕೊಂಡು ಅವರನ್ನು ಬರಿಗೈಯಲ್ಲಿ ಕಳುಹಿಸಲಾಯಿತು ಎಂದು ಫ್ರೆಡರಿಕ್ ಬರೆಯುತ್ತಾನೆ. ದುಃಖದಿಂದ ಅವರು ಹುಚ್ಚರಂತಾದರಂತೆ.

ಈಗ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಸುಮಾರು 80 ವರ್ಷಗಳ ಹಿಂದೆ ಇದೇ ರಾಜ್ಯ ಸತ್ತ ಕುದುರೆಯ ಬಾಲಕ್ಕೂ ಬೆಲೆ ಕೊಟ್ಟಿತ್ತು. ಈಗ ಬದುಕಿರುವ ಕುದುರೆಗೂ ಬೆಲೆ ಕೊಡಲಾಗಲಿಲ್ಲ. ಯುದ್ಧದ ಸೋಲನ್ನು ನಾವು ಪಾಠದಲ್ಲಿ ಓದುತ್ತೇವೆ. ಆದರೆ ಒಂದು ದಾರಿಯ ಮೇಲಿನ ನಂಬಿಕೆ ಹೀಗೆ ಮುರಿದು ಬೀಳುವುದೂ ಒಂದು ಸೋಲೇ. ಮರಳಿ ಹೋಗುವ ದಾರಿಯಲ್ಲಿ ಒಬ್ಬೊಬ್ಬ ಪಾಳೆಯಗಾರನೂ ತನ್ನದೇ ನಾಣ್ಯ ನಡೆಸುತ್ತಿದ್ದುದರಿಂದ ಇಂದು ಪಡೆದ ಹಣ ನಾಳೆ ಚಲಾವಣೆಯಾಗುತ್ತಿರಲಿಲ್ಲ ಎಂದೂ ಫ್ರೆಡರಿಕ್ ಹೇಳುತ್ತಾನೆ. ರಾಜ್ಯ ಒಡೆದುಹೋಗುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಲಗಾಮು ಯಾರ ಕೈಯಲ್ಲಿ?

ದಾರಿಯ ಕಡಲ ತುದಿಯನ್ನು ಹಿಡಿದವನ ಕೈಯಲ್ಲಿ ಬಯಲಿನ ಲಗಾಮೂ ಇರುತ್ತಿತ್ತು. ಪೋರ್ತುಗೀಸರು ಇದನ್ನು ಬೇಗ ಅರಿತರು. 1510ರಲ್ಲಿ ಗೋವೆಯನ್ನು ಗೆದ್ದರು, 1515ರಲ್ಲಿ ಹೊರ್ಮುಜ್ ಅವರ ಹಿಡಿತಕ್ಕೆ ಬಂತು. ಕುದುರೆ ಹೊರಡುವ ಬಂದರು, ಇಳಿಯುವ ಬಂದರು ಎರಡೂ ಅವರವೇ ಆದವು! 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಆದ ಒಪ್ಪಂದದಂತೆ ಗೋವೆಗೆ ಬರುವ ಕುದುರೆಗಳನ್ನು ವಿಜಯನಗರಕ್ಕೆ ಮಾರಬೇಕು, ಆದಿಲ್‌ಶಾಹನಿಗೆ ಕೊಡಕೂಡದು. ಪ್ರತಿಯಾಗಿ ವಿಜಯನಗರದ ವರ್ತಕರ ಸರಕು ಅಂಕೋಲೆ, ಹೊನ್ನಾವರಗಳಿಗೆ ಹೋಗಬೇಕು. ಬಳ್ಳಾರಿಯ ಬಯಲಿನ ಯುದ್ಧಕ್ಕೆ ಗೋವೆಯ ಗವರ್ನರನ ಸಹಿ ಬೇಕಾಗಿತ್ತು ಎಂದರೆ ತಪ್ಪಾಗಲಾರದು.

ಮುಂದಿನ ಕಾಲದಲ್ಲಿಯೂ ಈ ನಂಟು ಕಾಣುತ್ತದೆ. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದು ಕರಾವಳಿಗೆ ಇಳಿದ. 1770ರ ದಶಕದಲ್ಲಿ ಬಳ್ಳಾರಿಯ ಕೋಟೆ ಅವನ ವಶವಾಯಿತು. ಥಾಮಸ್ ಮನ್ರೊ 1799ರಲ್ಲಿ ಕೆನರಾದ ಕಲೆಕ್ಟರನಾಗಿ ಮಳೆ, ಕಾಡು, ಹೊಳೆಗಳ ನಡುವೆ ತಿರುಗಿ, 1800ರಿಂದ 1807ರವರೆಗೆ ಬಳ್ಳಾರಿ ಸೇರಿದ ದತ್ತಮಂಡಲಗಳ ಆಡಳಿತ ನೋಡಿದ.

ಹುರುಳಿ ಬೆಳೆದವರು, ಹಗ್ಗ ಹಿಡಿದವರು

ವಿಜಯನಗರದ ಅರಸ ವರ್ಷಕ್ಕೆ ಹೊರ್ಮುಜಿನ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಬರೆದಿದ್ದಾನೆ. ಈ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ. ವರ್ಷದಲ್ಲಿ 240 ದಿನ ಬಂದರು ತೆರೆದಿತ್ತೆಂದರೂ ದಿನಕ್ಕೆ 54 ಕುದುರೆಗಳು ಇಳಿಯಬೇಕು. ಬರೆದವನೇ ಕುದುರೆ ವ್ಯಾಪಾರಿ ಎಂಬುದೂ ನೆನಪಿರಲಿ. ವಿಜ್ಞಾನದಲ್ಲಿ ಅಳತೆಯನ್ನು ಪರೀಕ್ಷಿಸುವಂತೆ ಇತಿಹಾಸದಲ್ಲಿಯೂ ಸಾಕ್ಷಿಯನ್ನು ಪರೀಕ್ಷಿಸಬೇಕು. ಆದರೆ ಅಂಕಿಯನ್ನು ಅರ್ಧಕ್ಕೆ ಇಳಿಸಿದರೂ ವ್ಯಾಪಾರ ದೊಡ್ಡದೇ.

ಈ ಹಣ ಎಲ್ಲಿಂದ ಬಂತು? ಅರಸ ಉತ್ತಮ ಕುದುರೆಗಳನ್ನು ತಾನಿಟ್ಟುಕೊಂಡು ಉಳಿದವನ್ನು ನಾಯಕರಿಗೆ ಕೊಟ್ಟು ಹಣ ಪಡೆಯುತ್ತಿದ್ದ. ನಾಯಕರು ತಮಗೆ ಬಿಟ್ಟುಕೊಟ್ಟ ಸೀಮೆಯ ಕಂದಾಯದಿಂದ ಇಂತಿಷ್ಟು ಕುದುರೆ, ಇಂತಿಷ್ಟು ಕಾಲಾಳುಗಳನ್ನು ಸಾಕಬೇಕಿತ್ತು. ಕಂದಾಯ ಕೊಟ್ಟವನು ರೈತ. ಸಿರುಗುಪ್ಪದ ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಕಾಲುವೆಯನ್ನು ನೋಡಿರುತ್ತೀರಿ. ತುಂಗಭದ್ರೆಯಿಂದ ನೀರು ತರುವ ವಿಜಯನಗರ ಕಾಲದ ಕಾಲುವೆಗಳಲ್ಲಿ ಅದೂ ಒಂದು. 1953ರಲ್ಲಿ ಅಣೆಕಟ್ಟು ಸಿದ್ಧವಾಗುವುದಕ್ಕೆ ಶತಮಾನಗಳ ಮೊದಲೇ ಇಂಥ ಕಾಲುವೆಗಳು ಗದ್ದೆಗಳಿಗೆ ನೀರುಣಿಸಿದ್ದವು. ಕಾಲುವೆಯ ಕೆಳಗಿನ ಬತ್ತ, ಮಳೆಯಾಶ್ರಿತ ಹೊಲದ ಜೋಳ, ಹುರುಳಿ, ಎಲ್ಲವೂ ಒಂದಲ್ಲ ಒಂದು ರೂಪದಲ್ಲಿ ಕುದುರೆಯ ಲಾಯವನ್ನು ಸೇರುತ್ತಿದ್ದವು.

ಅರಮನೆಯ ಕುದುರೆಗಳನ್ನು ನೋಡಿಕೊಳ್ಳಲು 1,600 ಆಳುಗಳು, ಪಳಗಿಸಲು 300 ಮಂದಿ ಇದ್ದರೆಂದು ನೂನಿಜ್ ಲೆಕ್ಕ ಕೊಡುತ್ತಾನೆ. ಅವರಲ್ಲಿ ಒಬ್ಬನ ಹೆಸರನ್ನೂ ಹೇಳುವುದಿಲ್ಲ. ದಂಡೆಯಲ್ಲಿ ದಾರಿ ತೋರಿದವರ, ದೋಣಿ ನಡೆಸಿದವರ, ಘಟ್ಟದಲ್ಲಿ ಹಗ್ಗ ಹಿಡಿದವರ ಹೆಸರುಗಳೂ ಪ್ರವಾಸಿಗಳ ಬರಹಗಳಲ್ಲಿ ಸಿಗುವುದಿಲ್ಲ.

ಆದರೆ ಕಲ್ಲು ಅವರನ್ನು ಪೂರ್ತಿ ಮರೆತಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಮೇಲೆ, ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ ಕುದುರೆಗಳ ಸಾಲುಗಳಿವೆ. ಚಿತ್ರೀಕರಣ ಮಾಡುವವರಿಗೆ ಗೊತ್ತಿರುವ ಒಂದು ಗುಟ್ಟು ಹೇಳುತ್ತೇನೆ: ನಡುಮಧ್ಯಾಹ್ನ ಅಲ್ಲಿಗೆ ಹೋಗಬೇಡಿ. ಓರೆ ಬಿಸಿಲು ಗೋಡೆಯನ್ನು ಸವರುವ ಹೊತ್ತಿನಲ್ಲಿ ಹೋದರೆ ಆಳವಿಲ್ಲದ ಕೆತ್ತನೆ ನೆರಳಿನಿಂದ ಎದ್ದು ಕಾಣುತ್ತದೆ. ಆಗ ಕುದುರೆಯ ಮೇಲಿರುವವನನ್ನು ಬಿಟ್ಟು ಅದರ ಪಕ್ಕದಲ್ಲಿ ನಡೆಯುತ್ತಿರುವವನನ್ನು ನೋಡಿ. ಉದ್ದನೆಯ ಅಂಗಿ, ಟೊಪ್ಪಿಗೆ ತೊಟ್ಟ ಪರದೇಶದವರೂ ಅಲ್ಲಿ ಕಂಡಾರು.

ನೀವು ಮಾಡಬಹುದಾದ ಕೆಲಸ

ಕರ್ನಾಟಕದ ನಕ್ಷೆಯೊಂದನ್ನು ತೆಗೆದುಕೊಳ್ಳಿ. ಭಟ್ಕಳ, ಹೊನ್ನಾವರ, ಅಂಕೋಲೆ, ಹಂಪಿ, ಕುರುಗೋಡು, ಸಿರುಗುಪ್ಪ, ಬಳ್ಳಾರಿಗಳನ್ನು ಗುರುತಿಸಿ. ದಾರಿಗೆ ಅಡ್ಡ ಬರುವ ನದಿಗಳನ್ನು, ಘಟ್ಟವನ್ನು ಬಣ್ಣದಲ್ಲಿ ತುಂಬಿ. ದಾರದ ಎಳೆಯಿಂದ ದೂರ ಅಳೆದು, ದಿನಕ್ಕೆ 40 ಕಿಲೋಮೀಟರಿನಂತೆ ಎಷ್ಟು ದಿನವೆಂದು ಲೆಕ್ಕ ಹಾಕಿ. ಆಮೇಲೆ ನಿಮ್ಮ ಊರಿನ ಗುಡಿಯ ಬಳಿ, ಕೆರೆ ಏರಿಯ ಮೇಲೆ ಕುದುರೆ ಸವಾರನಿರುವ ವೀರಗಲ್ಲು ಇದೆಯೇ ಎಂದು ಹುಡುಕಿ. ಇದ್ದರೆ ಅದರ ಚಿತ್ರ ಬರೆದುಕೊಳ್ಳಿ. ಸುಣ್ಣ, ಬಣ್ಣ ಬಳಿಯದಂತೆ ಹಿರಿಯರಿಗೆ ತಿಳಿಸಿ ಹೇಳಿ. ಆ ಕಲ್ಲಿನ ಕುದುರೆ ಯಾವ ದಾರಿಯಿಂದ ಬಂದಿರಬಹುದು, ಅದರ ಹಗ್ಗ ಹಿಡಿದು ನಡೆಸಿದವರು ಯಾರಿರಬಹುದು ಎಂಬ ಪ್ರಶ್ನೆಗಳನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ.