ಸೋಮೇಶ್ವರನ ಮತ್ಸ್ಯವಿನೋದ

ಮಾರ್ಗಶಿರವು ಬಂದಿತೆಂದರೆ ಘಟಪ್ರಭೆಯ ಕೆನ್ನೀರು ತಿಳಿಯಾಗುವದು. ಹುಕ್ಕೇರಿಯ ಸೀಮೆಯಿಂದ ಗೋಕಾಕ, ಮೂಡಲಗಿಗಳತ್ತ ಹರಿಯುವ ಈ ಹೊಳೆಯ ದಂಡೆಯಲ್ಲಿ ಆಗ ಗಾಳ ಹಾಕಿ ಕುಳಿತವರನ್ನು ಕಾಣಬಹುದು. ಹೊಟ್ಟೆಪಾಡಿಗೆ ಮೀನು ಹಿಡಿಯುವದು ನಮ್ಮವರ ಕಸುಬು, ವಿನೋದಕ್ಕಾಗಿ ಗಾಳ ಹಾಕುವದು ಆಂಗ್ಲರು ತಂದ ಹವ್ಯಾಸ, ಎಂದು ಅನೇಕ ಸುಶಿಕ್ಷಿತರು ತಿಳಿದಿರುವರು. ಈ ತಿಳುವಳಿಕೆಯು ಸರಿಯಾದುದಲ್ಲ.

ಆಂಗ್ಲರು ಈ ಕಲೆಯನ್ನು ಬಹುವಾಗಿ ಬೆಳೆಯಿಸಿದರೆಂಬುದು ನಿಜ. ಗಾಳವನ್ನು ಕುರಿತ ಅವರ ಪ್ರಸಿದ್ಧವಾದ ಹಳೆಯ ಪ್ರಬಂಧವು 1496ರಲ್ಲಿ ಅಚ್ಚಾಯಿತು. ಗರಿಯಿಂದ ಕಟ್ಟಿದ ನೊಣವನ್ನು ನೀರಿನ ಮೇಲೆ ತೇಲಿಬಿಟ್ಟು ಟ್ರೌಟ್ ಎಂಬ ಮೀನನ್ನು ಹಿಡಿಯುವ ಪದ್ಧತಿಯನ್ನು ಹಾಲ್ಫರ್ಡನೆಂಬವನು 1886ರ ತನ್ನ ಗ್ರಂಥದಲ್ಲಿ ಶಾಸ್ತ್ರರೂಪಕ್ಕೆ ತಂದನು. ತಣ್ಣೀರಿನ ಆ ಮೀನು ನಮ್ಮ ಹೊಳೆಯದಲ್ಲ. ಆದರೆ ಗಾಳದ ವಿನೋದವನ್ನು ಆಂಗ್ಲರ ಆ ಪ್ರಬಂಧಕ್ಕಿಂತ ಮೂರೂವರೆ ಶತಕಗಳಷ್ಟು ಮೊದಲೇ ಕನ್ನಡನಾಡಿನ ಅರಸನೊಬ್ಬನು ಬರೆದಿಟ್ಟಿರುವನು.

ಅವನೇ ಆರನೆಯ ವಿಕ್ರಮಾದಿತ್ಯನ ಮಗನೂ ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಳ್ಳವನೂ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು. ಈ ಸೀಮೆಯನ್ನಾಳಿದ ಸವದತ್ತಿಯ ರಟ್ಟರು ಚಾಲುಕ್ಯರ ಸಾಮಂತರು. ಗೋಕಾಕ ಜಲಪಾತದ ಬಳಿಯ ಗುಡಿಗಳು ಇಂದಿಗೂ ಆ ಕಾಲದ ಶೈಲಿಯನ್ನು ತೋರುವವು. ಶಕ 1051, ಎಂದರೆ ಕ್ರಿ.ಶ. 1129ರ ಸುಮಾರಿಗೆ ಅವನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ನಾಲ್ಕನೆಯ ವಿಂಶತಿಯಲ್ಲಿ ಆನೆ, ಕುದುರೆ, ಮಲ್ಲರ ವಿನೋದಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ವೂ ಉಂಟು. ಅಲ್ಲಿ ಮೀನುಗಳನ್ನು ಕಡಲಿನವು, ಹೊಳೆಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ವಿಂಗಡಿಸಿದೆ. ಯಾವ ಮೀನಿಗೆ ಯಾವ ಎರೆ, ಕೋಲು ದಾರಗಳು ಹೇಗಿರಬೇಕು, ಮೊದಲು ಆಹಾರ ಚೆಲ್ಲಿ ಮೀನನ್ನು ಹೇಗೆ ರೂಢಿಸಬೇಕು ಎಂಬುದೆಲ್ಲ ಅಲ್ಲಿರುವದು.

ಇದನ್ನೆಲ್ಲ ಅರಸನಿಗೆ ಹೇಳಿಕೊಟ್ಟವರು ಯಾರು? ಪಾಠೀನ, ರೋಹಿತ, ಸಿಂಹತುಂಡ ಮೊದಲಾದ ಹೆಸರುಗಳು ಶಾಸ್ತ್ರಜ್ಞರಿಗೆ ಪರಿಚಿತ. ಆದರೆ ಅಮರಕೋಶದಲ್ಲಿ ದೊರೆಯದ ಹೆಸರುಗಳೂ ಅಲ್ಲಿ ಇವೆ. ಅವು ಬೆಸ್ತರ ಬಾಯಿಂದಲೇ ಶ್ಲೋಕಕ್ಕೆ ಏರಿರಬೇಕೆಂದು ನನಗೆ ತೋರುತ್ತದೆ. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು ಈ ಅಧ್ಯಾಯವನ್ನು ವಿವೇಚಿಸಿದರು. ಪಾಠಶಾಲೆಯಲ್ಲಿ ಕಲಿತ ನಾನಾದರೋ ರಾಜನೀತಿಯನ್ನೂ ಸಂಗೀತವನ್ನೂ ಆದರದಿಂದ ಓದಿ, ಮೀನಿನ ಹಾಳೆಗಳನ್ನು ಮಡಿಯವನಂತೆ ತಿರುವಿಹಾಕಿದ್ದೆನು. ಚಕ್ರವರ್ತಿಗೆ ಇಲ್ಲದ ಸಂಕೋಚವು ನನಗಿದ್ದಿತು!

ಹೊಳೆಯೂ ಮೊದಲಿನಂತಿಲ್ಲ. 1897ರಲ್ಲಿ ಧೂಪದಾಳದ ಒಡ್ಡು, 1977ರಲ್ಲಿ ಹಿಡಕಲ್ಲಿನ ಅಣೆಕಟ್ಟು ಮುಗಿದವು. ಹೊಲಗಳಿಗೆ ನೀರು ಬಂದಿತು. ಮೇಲಕ್ಕೇರುವ ಮೀನಿಗೆ ದಾರಿ ಕಟ್ಟಿತು. ಮೀನು ಕಾಣದಾದರೆ ಅದರ ಹೆಸರೂ ನಾಲಗೆಯಿಂದ ಜಾರುವದು. ಆದುದರಿಂದ ಅಮರಕೋಶವನ್ನು ಕಂಠಪಾಠ ಮಾಡಿದವರು ಒಮ್ಮೆ ದಂಡೆಗಿಳಿದು, ಮುಪ್ಪಿನ ಬೆಸ್ತರನ್ನು ಕೇಳಿ, ಉಳಿದ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ. ಸೋಮೇಶ್ವರನ ಗ್ರಂಥಕ್ಕೆ ನಾವು ಬರೆಯಬೇಕಾದ ವ್ಯಾಖ್ಯಾನವು ಅದೇ.