ದಂಶಕಗಳ ಭಯ ಮತ್ತು ಹಾರ್ಮೋನುಗಳು

ಇಲಿ, ಚಿಟ್ಟಿಲಿ, ಹೆಗ್ಗಣ ಮುಂತಾದ ದಂಶಕಗಳು ಅಪಾಯದ ಎದುರು ತೋರುವ ವರ್ತನೆ, ಆ ಅಪಾಯದ ನೆನಪು ಮತ್ತು ಮೆದುಳಿನ ರಚನೆ, ಈ ಮೂರರ ಮೇಲೂ ಹಾರ್ಮೋನುಗಳ ಪ್ರಭಾವವಿದೆ. ಭಯ ಹುಟ್ಟುವುದು ನರಮಂಡಲದಲ್ಲಿ. ಅದು ಎಷ್ಟು ಆಳಕ್ಕಿಳಿಯಬೇಕು, ಎಷ್ಟು ದಿನ ಉಳಿಯಬೇಕು ಎಂಬುದರಲ್ಲಿ ಹಾರ್ಮೋನುಗಳ ಪಾತ್ರ ದೊಡ್ಡದು. ಒಂದೇ ಹಾರ್ಮೋನು ಹೊತ್ತು, ಪ್ರಮಾಣ, ಅವಧಿಗೆ ತಕ್ಕಂತೆ ಭಯವನ್ನು ಹೆಚ್ಚಿಸಲೂಬಹುದು, ತಡೆಯಲೂಬಹುದು. ಈ ವಿಷಯದ ಕೆಲವು ಮುಖ್ಯ ಪ್ರಯೋಗಗಳು ಬೆಂಗಳೂರಿನಲ್ಲಿ ನಡೆದಿವೆ.

ಭಯದ ಲಕ್ಷಣ ಮತ್ತು ಅಳತೆ

ಹೆದರಿದ ಇಲಿ ಓಡುತ್ತದೆ, ಅಡಗುತ್ತದೆ, ಇಲ್ಲವೇ ಮರಗಟ್ಟಿದಂತೆ ನಿಂತುಬಿಡುತ್ತದೆ. ಉಸಿರಾಟ ಬಿಟ್ಟರೆ ಮೈಯಲ್ಲಿ ಬೇರೆ ಚಲನೆ ಇರುವುದಿಲ್ಲ. ಈ ಮರಗಟ್ಟುವಿಕೆಯನ್ನು ಭಯದ ಅಳತೆಗೋಲಾಗಿ ಬಳಸಬಹುದೆಂದು ರಾಬರ್ಟ್ ಮತ್ತು ಕ್ಯಾರೊಲಿನ್ ಬ್ಲಾಂಚರ್ಡ್ 1969ರಲ್ಲಿ ತೋರಿಸಿದರು. ಒಂದು ಸದ್ದು ಕೇಳಿಸಿ, ಅದರ ಬೆನ್ನಿಗೇ ಕಾಲಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟರೆ, ಮುಂದೆ ಬರಿಯ ಸದ್ದಿಗೇ ಇಲಿ ಮರಗಟ್ಟುತ್ತದೆ. ಸದ್ದನ್ನು ಆಘಾತವಿಲ್ಲದೆ ಮತ್ತೆ ಮತ್ತೆ ಕೇಳಿಸಿದರೆ ಭಯ ಮೆಲ್ಲಗೆ ಬಿಟ್ಟುಹೋಗುತ್ತದೆ. ಆತಂಕವನ್ನು ಅಳೆಯಲು ನೆಲದಿಂದ ಎತ್ತರದಲ್ಲಿಟ್ಟ ಕೂಡು ಚಿಹ್ನೆಯ (+) ಆಕಾರದ ಹಾದಿಯನ್ನು ಬಳಸುತ್ತಾರೆ. ಅದರ ಎರಡು ತೋಳುಗಳಿಗೆ ಗೋಡೆ ಇರುತ್ತದೆ, ಎರಡಕ್ಕೆ ಇರುವುದಿಲ್ಲ. ಆತಂಕಗೊಂಡ ಇಲಿ ಗೋಡೆಯಿಲ್ಲದ ತೋಳಿಗೆ ಕಾಲಿಡಲು ಹಿಂಜರಿಯುತ್ತದೆ.

ಹಾರ್ಮೋನುಗಳ ಹಾದಿ

ಕಣ್ಣು, ಕಿವಿ, ಮೂಗು ತಂದ ಅಪಾಯದ ಸುದ್ದಿ ಮೆದುಳಿನ ಒಳಭಾಗದಲ್ಲಿ ಬಾದಾಮಿಯಾಕಾರದಲ್ಲಿರುವ ಅಮಿಗ್ಡಲಾವನ್ನು ತಲುಪುತ್ತದೆ. ಅಲ್ಲಿಂದ ಹೊರಟ ಸಂಕೇತಗಳು ಎರಡು ಹಾದಿ ಹಿಡಿಯುತ್ತವೆ. ಮೊದಲನೆಯದು ಕ್ಷಣಾರ್ಧದ್ದು: ಅಡ್ರಿನಲ್ ಗ್ರಂಥಿಯ ಒಳತಿರುಳಿನಿಂದ ಅಡ್ರಿನಲಿನ್ ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ. ಎರಡನೆಯದಕ್ಕೆ ನಿಮಿಷಗಳು ಬೇಕು: ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು, ಪಿಟ್ಯುಟರಿ ಅಡ್ರಿನಲ್ ಗ್ರಂಥಿಯ ಹೊರಪದರವನ್ನು ಪ್ರಚೋದಿಸಿ ಕಾರ್ಟಿಕೋಸ್ಟಿರೋನ್ ಹೊಮ್ಮುವಂತೆ ಮಾಡುತ್ತವೆ. ಮನುಷ್ಯರಲ್ಲಿ ಕಾರ್ಟಿಸಾಲ್ ಮಾಡುವ ಕೆಲಸವನ್ನು ಇಲಿಗಳಲ್ಲಿ ಈ ಹಾರ್ಮೋನು ಮಾಡುತ್ತದೆ.

ಅಡ್ರಿನಲಿನ್ ರಕ್ತದಿಂದ ಮೆದುಳಿನೊಳಕ್ಕೆ ಸುಲಭವಾಗಿ ದಾಟಲಾರದು. ಅದು ವೇಗಸ್ ನರದ ಮೂಲಕ ಮೆದುಳುಬಳ್ಳಿಗೆ ಸುದ್ದಿ ಮುಟ್ಟಿಸುತ್ತದೆ. ಆಗ ಅಮಿಗ್ಡಲಾದಲ್ಲಿ ನಾರ್ಅಡ್ರಿನಲಿನ್ ಹೆಚ್ಚಿ ಘಟನೆಯ ನೆನಪು ಗಟ್ಟಿಯಾಗುತ್ತದೆ. ಜೇಮ್ಸ್ ಮೆಗಾ ಮತ್ತು ಸಂಗಡಿಗರು ಈ ಹಾದಿಯನ್ನು ಬಿಡಿಸಿ ತೋರಿಸಿದ್ದಾರೆ. ಕಾರ್ಟಿಕೋಸ್ಟಿರೋನ್ ಮಾತ್ರ ನೇರವಾಗಿ ಮೆದುಳನ್ನು ಹೊಗುತ್ತದೆ. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆಂದು ಬ್ರೂಸ್ ಮೆಕ್‌ಯೂಯನ್ ತಂಡ 1968ರಲ್ಲಿ ಇಲಿಗಳಲ್ಲಿ ಕಂಡುಕೊಂಡಿತು. ಹಿಪೊಕ್ಯಾಂಪಸ್ ಹೈಪೊಥಲಾಮಸ್‌ಗೆ ಕಡಿವಾಣ ಹಾಕಿ ಹಾರ್ಮೋನಿನ ಹರಿವನ್ನು ತಗ್ಗಿಸಲು ನೆರವಾಗುತ್ತದೆ.

ಬೆಂಗಳೂರಿನ ಪ್ರಯೋಗಗಳು

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಅವರ ತಂಡ ಒತ್ತಡಕ್ಕೊಳಗಾದ ಇಲಿಗಳ ಅಮಿಗ್ಡಲಾವನ್ನು ಅಧ್ಯಯನ ಮಾಡಿತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡಲಾಗದಂತೆ ಇರಿಸಲಾಯಿತು. ನಂತರ ಗಾಲ್ಗಿ ವಿಧಾನದಿಂದ ಮೆದುಳಿನ ಸೀಳುಗಳಿಗೆ ಬಣ್ಣ ಹಾಕಲಾಯಿತು. ಈ ವಿಧಾನದಲ್ಲಿ ಸಾಲು ಸಾಲು ನರಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಮಾತ್ರ ಕಪ್ಪಾಗಿ, ಎಲೆಯುದುರಿದ ಮರದಂತೆ ಕೊಂಬೆರೆಂಬೆ ಸಮೇತ ಕಾಣಿಸುತ್ತದೆ. ಹಾಗಾಗಿ ಒಂದೊಂದು ರೆಂಬೆಯ ಉದ್ದವನ್ನೂ ಅಳೆಯಬಹುದು. ಹಿಪೊಕ್ಯಾಂಪಸ್‌ನ ನರಕೋಶಗಳಲ್ಲಿ ಕವಲುಗಳು ಮೊಟಕಾಗಿದ್ದವು, ಅಮಿಗ್ಡಲಾದಲ್ಲಿ ಅವು ಹರಡಿ ಬೆಳೆದಿದ್ದವು. ಅಜಯ್ ವ್ಯಾಸ್, ರೂಪ್ಶಿ ಮಿತ್ರಾ, ಶಂಕರನಾರಾಯಣ ರಾವ್ ಮತ್ತು ಚಟರ್ಜಿ 2002ರಲ್ಲಿ ಇದನ್ನು ಪ್ರಕಟಿಸಿದರು. 21 ದಿನ ವಿಶ್ರಾಂತಿ ಕೊಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲಾದ ಬೆಳವಣಿಗೆ ಇಳಿಯಲಿಲ್ಲ, ಆತಂಕವೂ ಹೋಗಲಿಲ್ಲ ಎಂಬುದು 2004ರ ಫಲಿತಾಂಶ. ಕಡಿವಾಣ ಹಾಕುವ ಭಾಗ ಸೊರಗಿ, ಹೆದರುವ ಭಾಗ ಕೊಬ್ಬುವುದು ದೀರ್ಘ ಒತ್ತಡದ ಗುರುತು.

ಒಂದೇ ಒಂದು ಸಲದ 2 ಗಂಟೆಯ ಒತ್ತಡದ ಕಥೆ ಬೇರೆ. ಮರುದಿನ ನೋಡಿದರೆ ಅಮಿಗ್ಡಲಾದಲ್ಲಿ ಬದಲಾವಣೆ ಕಾಣದು. 10 ದಿನದ ನಂತರ ನರಕೋಶದ ಕವಲುಗಳ ಮೇಲಿನ ಸೂಕ್ಷ್ಮ ಮುಳ್ಳುಗಳು ದಟ್ಟವಾಗಿರುತ್ತವೆ, ಇಲಿಯ ಆತಂಕವೂ ಹೆಚ್ಚಿರುತ್ತದೆ (2005). ಒಂದೇ ಡೋಸ್ ಕಾರ್ಟಿಕೋಸ್ಟಿರೋನ್ ಕೊಟ್ಟರೂ 12 ದಿನದಲ್ಲಿ ಅಮಿಗ್ಡಲಾದ ಕವಲುಗಳು ಬೆಳೆಯುತ್ತವೆಂದು ಮಿತ್ರಾ ಮತ್ತು ರಾಬರ್ಟ್ ಸಪೋಲ್ಸ್ಕಿ 2008ರಲ್ಲಿ ವರದಿ ಮಾಡಿದರು. ಆದರೆ ಒತ್ತಡಕ್ಕೆ ಮೊದಲೇ ಇದೇ ಹಾರ್ಮೋನು ಇಲಿಯ ರಕ್ತದಲ್ಲಿ ಏರಿದ್ದರೆ, ಒತ್ತಡದ ತಡವಾದ ಪರಿಣಾಮ ತಪ್ಪುತ್ತದೆಂದು ಚಟರ್ಜಿ ಮತ್ತು ಮೆಕ್‌ಯೂಯನ್ ತಂಡ 2012ರಲ್ಲಿ ತೋರಿಸಿತು. ಆಘಾತದ ನಂತರ ಜನರನ್ನು ಕಾಡುವ ಮಾನಸಿಕ ತೊಂದರೆಯ ಅಧ್ಯಯನಕ್ಕೆ ಇಂಥ ಪ್ರಯೋಗಗಳು ಮಾದರಿಯಾಗಿವೆ.

ಲೈಂಗಿಕ ಹಾರ್ಮೋನುಗಳು ಮತ್ತು ಆಕ್ಸಿಟೋಸಿನ್

ಹೆಣ್ಣಿಲಿಯ ಋತುಚಕ್ರ 4–5 ದಿನದ್ದು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿರೋನ್ ಏರಿರುವ ಹಂತದಲ್ಲಿ ಭಯ ಬಿಡಿಸುವ ಪಾಠ ಚೆನ್ನಾಗಿ ನಾಟುತ್ತದೆಂದು ಮೊಹಮ್ಮದ್ ಮಿಲಾದ್ ತಂಡ 2009ರಲ್ಲಿ ತೋರಿಸಿತು. ಕೆಲವು ಹೆಣ್ಣಿಲಿಗಳು ಮರಗಟ್ಟುವ ಬದಲು ಸರ್ರನೆ ಚಿಮ್ಮಿ ಓಡುತ್ತವೆ. ಮರಗಟ್ಟುವಿಕೆಯೊಂದನ್ನೇ ಎಣಿಸಿದರೆ ಅಂಥ ಇಲಿ ಹೆದರಿಲ್ಲವೆಂದು ತಪ್ಪು ತಿಳಿಯುವ ಸಂಭವವಿದೆ. ಅಮಿಗ್ಡಲಾದ ಮಧ್ಯಭಾಗದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾದರೆ ಮರಗಟ್ಟುವಿಕೆ ಇಳಿಯುತ್ತದೆ.

ಬೆಕ್ಕಿನ ವಾಸನೆ

ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಕರುಳಲ್ಲಿ ಮಾತ್ರ ಲೈಂಗಿಕ ಸಂತಾನೋತ್ಪತ್ತಿ ನಡೆಸಬಲ್ಲದು. ಇದು ತಗುಲಿದ ಇಲಿ ಉಳಿದ ಭಯಗಳನ್ನು ಇಟ್ಟುಕೊಂಡು ಬೆಕ್ಕಿನ ವಾಸನೆಯ ಭಯವನ್ನು ಮಾತ್ರ ಕಳೆದುಕೊಳ್ಳುತ್ತದೆಂದು ವ್ಯಾಸ್ ಮತ್ತು ಸಪೋಲ್ಸ್ಕಿ ತಂಡ 2007ರಲ್ಲಿ ಪ್ರಕಟಿಸಿತು. ಸೋಂಕು ಗಂಡಿಲಿಯಲ್ಲಿ ಟೆಸ್ಟೋಸ್ಟಿರೋನ್ ಹೆಚ್ಚಿಸುತ್ತದೆಂಬುದು ವ್ಯಾಸ್ ಅವರ ನಂತರದ ಅಧ್ಯಯನಗಳಲ್ಲಿ ಕಂಡಿತು.

ಹೊಲಗದ್ದೆಯಲ್ಲಿ

ಪ್ರಯೋಗಾಲಯದ ಬಿಳಿ ಇಲಿ ತಲೆಮಾರುಗಳಿಂದ ಸಾಕಿದ ತಳಿ. ಕಾಡು ಮತ್ತು ಗದ್ದೆಯ ಇಲಿಗಳ ಅಂಜಿಕೆ ಅದಕ್ಕಿಂತ ಹೆಚ್ಚು. ಶಿಂಷಾ ದಂಡೆಯ ಮದ್ದೂರು, ವೈದ್ಯನಾಥಪುರದ ಕಡೆಯಂಥ ಭತ್ತ, ಕಬ್ಬಿನ ಸೀಮೆಯಲ್ಲಿ ಬದುಗಳಲ್ಲಿ ಬಿಲ ತೋಡುವ ಇಲಿ, ಹೆಗ್ಗಣಗಳಿಗೆ ಪಾಷಾಣ ಇಡುವವರು ಈ ಅಂಜಿಕೆಯನ್ನು ಗಮನದಲ್ಲಿಡಬೇಕಾಗುತ್ತದೆ. ಇಲಿ ಹೊಸ ತಿನಿಸನ್ನು ಮೊದಲು ಚೂರೇ ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟು ಬದುಕುಳಿದರೆ ಮತ್ತೆ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಜಿಂಕ್ ಫಾಸ್ಫೈಡ್ ಬಳಸುವಾಗ ಮೊದಲ 2–3 ದಿನ ಎಣ್ಣೆ ಸವರಿದ ಬರಿಯ ನುಚ್ಚನ್ನು ಬಿಲದ ಬಾಯಲ್ಲಿಟ್ಟು ರೂಢಿ ಮಾಡಿಸಿ, ಆಮೇಲೆ ನೂರಕ್ಕೆ 2 ಪಾಲು ವಿಷ ಬೆರೆಸಬೇಕೆಂಬುದು ಕೃಷಿ ತಜ್ಞರ ಶಿಫಾರಸು. ಆ ಎರಡು ಮೂರು ದಿನ ಕಾಯದೆ ಇಟ್ಟ ಪಾಷಾಣ ಬಿಲದ ಬಾಯಲ್ಲೇ ಉಳಿಯುವುದುಂಟು.